ಟ್ಯೂರಿನ್ನಿನ ಓಣಿಯಿಂದ ಬೆಂಗಳೂರಿನ ಓಣಿಗೆ

ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಒಂಟಿಯಾಗಿ ಇಳಿದ ಹುಡುಗನನ್ನು ಮಾತಾಡಿಸುವ ಕೆಲಸದ ಬೇರು ಹುಡುಕುತ್ತ ಹೋದರೆ ಇಟಲಿಯ ಟ್ಯೂರಿನ್ ನಗರದ ಜೈಲುಗಳಿಗೆ ಹೋಗಿ ನಿಲ್ಲುತ್ತೇವೆ. 1841ರಲ್ಲಿ ಗುರುದೀಕ್ಷೆ ಪಡೆದ ಜಾನ್ ಬಾಸ್ಕೊ ಅವರನ್ನು ಹಿರಿಯ ಪಾದ್ರಿ ಕಫಾಸ್ಸೊ ಅಲ್ಲಿಗೆ ಕರೆದೊಯ್ಯುತ್ತಿದ್ದರು. ಒಳಗಿದ್ದವರಲ್ಲಿ 12ರಿಂದ 18ರ ಪ್ರಾಯದ ಹುಡುಗರೂ ಇದ್ದರು. ಬಿಡುಗಡೆಯಾದ ಎಷ್ಟೋ ಮಂದಿ ಕೆಲವೇ ದಿನಗಳಲ್ಲಿ ಮತ್ತೆ ಒಳಗೆ ಬರುತ್ತಿದ್ದರು. ಹೊರಗೆ ಅವರಿಗೆ ನಮ್ಮವರು ಎನ್ನುವವರೇ ಇಲ್ಲ ಎಂಬುದು ಬಾಸ್ಕೊ ಅವರಿಗೆ ಹೊಳೆದ ಕಾರಣ.

ಟ್ಯೂರಿನ್ ಆಗ ಬೆಳೆಯುತ್ತಿದ್ದ ನಗರ. ಗಾರೆ ಕೆಲಸಕ್ಕೆಂದು ಹಳ್ಳಿಗಳಿಂದ ಬಂದ ಹುಡುಗರು ಕೆಲಸವಿಲ್ಲದ ದಿನಗಳಲ್ಲಿ ಬೀದಿ ಸುತ್ತುತ್ತಿದ್ದರು. 1841ರ ಡಿಸೆಂಬರ್ 8ರಂದು ಅಂಥವನೊಬ್ಬ ಬಾಸ್ಕೊ ಇದ್ದ ಚರ್ಚಿನೊಳಗೆ ಬಂದ. ಪೂಜೆಯಲ್ಲಿ ನೆರವಾಗಲು ಬಾರದು ಎಂದದ್ದಕ್ಕೆ ಅಲ್ಲಿನ ಪರಿಚಾರಕ ಅವನನ್ನು ಹೊಡೆದಟ್ಟಿದ. ಬಾಸ್ಕೊ ಅವನನ್ನು ವಾಪಸ್ ಕರೆಸಿದರು. ಅಪ್ಪ ಅಮ್ಮ ಇಲ್ಲ, ಓದು ಬರಹವಿಲ್ಲ. ಹಾಡಲು ಬರುತ್ತದೆಯೇ ಎಂದರೆ ಅದೂ ಇಲ್ಲ. ಕೊನೆಗೆ ಸಿಳ್ಳೆ ಹಾಕಲು ಬರುತ್ತದೆಯೇ ಎಂದು ಕೇಳಿದಾಗ ಹುಡುಗ ನಕ್ಕ. ಬಾಸ್ಕೊ ಮುಂದೆ ಕಟ್ಟಿದ ಸಲೇಷಿಯನ್ ಸಂಘದ ಪಾದ್ರಿಗಳು ತಮ್ಮ ಕೆಲಸದ ಆರಂಭ ಎಂದು ನೆನೆಯುವುದು ಈ ಭೇಟಿಯನ್ನೇ.

ಮುಂದಿನ ಭಾನುವಾರಗಳಲ್ಲಿ ಹುಡುಗರ ಸಂಖ್ಯೆ ಏರುತ್ತಾ ಹೋಯಿತು. ಆಟ, ಪ್ರಾರ್ಥನೆ, ಅಕ್ಷರಾಭ್ಯಾಸ ಎಲ್ಲ ಒಟ್ಟಿಗೇ ನಡೆಯುತ್ತಿದ್ದವು. ಗದ್ದಲ ತಾಳದ ನೆರೆಹೊರೆಯವರು ಇವರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಅಟ್ಟಿದರು. 1846ರಲ್ಲಿ ವಾಲ್ಡೊಕ್ಕೊ ಎಂಬಲ್ಲಿ ಬಾಡಿಗೆಗೆ ಸಿಕ್ಕ ಒಂದು ಶೆಡ್ಡೇ ನೆಲೆಯಾಯಿತು. ಅದೇ ವರ್ಷ ಬಾಸ್ಕೊ ಅವರ ತಾಯಿ ಮಾರ್ಗರಿಟಾ ಹಳ್ಳಿ ಬಿಟ್ಟು ಮಗನ ನೆರವಿಗೆ ಬಂದರು. ರಾತ್ರಿ ಮಲಗಲು ಜಾಗ ಪಡೆದ ಹುಡುಗರು ಹೊದಿಕೆಗಳನ್ನೇ ಕದ್ದೊಯ್ದದ್ದೂ ಉಂಟು. ಆದರೂ 1847ರ ಮೇ ತಿಂಗಳಲ್ಲಿ ಮಳೆಯಲ್ಲಿ ತೊಯ್ದು ಬಂದ ಅನಾಥನಿಗೆ ಆ ತಾಯಿ ಅಡುಗೆಮನೆಯಲ್ಲಿ ಇಟ್ಟಿಗೆ ಜೋಡಿಸಿ, ಹಲಗೆ ಹಾಸಿ ಮಲಗಲು ಅಣಿಮಾಡಿದರು. ಮಲಗುವ ಮುನ್ನ ನಾಲ್ಕು ಬುದ್ಧಿಮಾತು ಹೇಳಿದರು. ಮಲಗುವ ಮುಂಚಿನ ಆ ಪುಟ್ಟ ಮಾತು ಸಲೇಷಿಯನ್ ಮನೆಗಳಲ್ಲಿ ಇಂದಿಗೂ ನಡೆದುಬಂದಿದೆ. ಹಗಲಲ್ಲಿ ಆಟದ ನಡುವೆಯೇ ಹುಡುಗನನ್ನು ಪಕ್ಕಕ್ಕೆ ಕರೆದು ಹೇಳುವ ಕಿವಿಮಾತು ಬಾಸ್ಕೊ ಅವರ ರೀತಿ. ಈಗ ನಾವು ಆಪ್ತಸಮಾಲೋಚನೆ ಎನ್ನುವ ಕೆಲಸ ಅಲ್ಲಿ ನಡೆದದ್ದು ಹೀಗೆ.

ಆದರೆ ಬರೀ ಮಾತಿನಿಂದ ಹೊಟ್ಟೆ ತುಂಬುವುದಿಲ್ಲ. 1852ರ ಫೆಬ್ರುವರಿಯಲ್ಲಿ ಒಬ್ಬ ಹುಡುಗನನ್ನು ಬಡಗಿಯ ಬಳಿ ಕೆಲಸ ಕಲಿಯಲು ಸೇರಿಸಿದಾಗ ಬಾಸ್ಕೊ ಛಾಪಾ ಕಾಗದದ ಮೇಲೆ ಕರಾರು ಮಾಡಿಸಿದರು. ತಪ್ಪು ಮಾಡಿದರೆ ಮಾತಿನಲ್ಲಿ ತಿದ್ದಬೇಕು, ಕೈ ಮಾಡಕೂಡದು. ಕಸುಬಿಗೆ ಸಂಬಂಧಿಸದ ಚಾಕರಿ ಮಾಡಿಸಕೂಡದು. ಹಬ್ಬದ ದಿನ ಬಿಡುವು, ವರ್ಷಕ್ಕೆ ಹದಿನೈದು ದಿನ ರಜೆ. ಧಣಿ, ಹುಡುಗ, ಪಾದ್ರಿ ಎಲ್ಲರೂ ಸಹಿ ಹಾಕಿದರು. 1853ರಿಂದ ವಾಲ್ಡೊಕ್ಕೊದಲ್ಲೇ ಚಮ್ಮಾರಿಕೆ, ಹೊಲಿಗೆ ಕಲಿಸತೊಡಗಿದರು. 1859ರಲ್ಲಿ ಸಲೇಷಿಯನ್ ಸಂಘ ಹುಟ್ಟಿತು.

ಸಲೇಷಿಯನ್ನರು 1906ರಲ್ಲಿ ತಂಜಾವೂರಿಗೆ ಬಂದರು. ಬೆಂಗಳೂರಿನಲ್ಲಿ 1980ರಲ್ಲಿ ಕ್ರಿಸ್ತು ಜ್ಯೋತಿ ಕಾಲೇಜಿನಲ್ಲಿ ಪಾದ್ರಿಯಾಗಲು ಓದುತ್ತಿದ್ದ ಯುವಕರು ಬೀದಿ ಮಕ್ಕಳನ್ನು ಹುಡುಕಿ ಹೊರಟರು. ಬಾಸ್ಕೊ ಎಂದೇ ಹೆಸರಾದ ‘ಬೆಂಗಳೂರು ಓಣಿಯವರ ಸೇವಾ ಕೂಟ’ ಹುಟ್ಟಿದ್ದು ಹೀಗೆ. ಬೀದಿಯಲ್ಲೇ ಮಾತಿಗೆ ಎಳೆಯುವುದು, ನೆಲೆ ಕೊಡುವುದು, ಸಾಧ್ಯವಾದರೆ ಮನೆಗೆ ಮುಟ್ಟಿಸುವುದು, ಬೆಳೆದವರಿಗೆ ಕಸುಬು ಕಲಿಸುವುದು ಅದರ ದಾರಿ. ಈಗ ಕಾನೂನೂ ಜೊತೆಗಿದೆ. ದಿಕ್ಕಿಲ್ಲದೆ ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸೇವೆ ಯಾವ ಧರ್ಮದ ಹೆಸರಿನಲ್ಲೇ ನಡೆಯಲಿ, ಈ ನಿಗಾ ಬೇಕೇಬೇಕು.

ಹೊದಿಕೆ ಕದ್ದೊಯ್ದರೂ ಮತ್ತೊಬ್ಬನಿಗೆ ಬಾಗಿಲು ತೆರೆಯುವ ಛಲವನ್ನು ನಂಬಿಕೆ ಕೊಡಬಲ್ಲದು. ಆದರೆ ಒಳಗೆ ಬರುವ ಮಗುವಿಗೆ ಅದೇ ನಂಬಿಕೆ ಷರತ್ತಾಗಬಾರದು. ನಿಲ್ದಾಣದಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಒಂಟಿ ಮಗು ಕಂಡರೆ ನೋಡಿಯೂ ನೋಡದಂತೆ ಹೋಗಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.