ಸೋಡಚೀಟಿಗೆ ಹೆಬ್ಬೆಟ್ಟು ಒತ್ತುವ ಮುನ್ನ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಗಂಡಹೆಂಡಿರ ವ್ಯಾಜ್ಯವು ಅನೇಕವೇಳೆ ಮೊದಲು ಬರುವುದು ಹಿರಿಯರ ಮುಂದೆ. ಒಡೆದ ಮನೆಯನ್ನು ಕೂಡಿಸಲು ಅವರು ಪಡುವ ಶ್ರಮವು ಸ್ತುತ್ಯವಾದುದೇ ಸರಿ. ಆದರೆ ಕೂಡಿಸಲಾಗದಿದ್ದಾಗ ಛಾಪಾ ಕಾಗದದ ಮೇಲೆ ಸೋಡಚೀಟಿ ಬರೆಯಿಸಿ, ಹೆಣ್ಣುಮಗಳಿಂದ ಹೆಬ್ಬೆಟ್ಟು ಒತ್ತಿಸಿ, "ಇಲ್ಲಿಗೆ ತೀರಿತು" ಎಂದು ಏಳುವ ಪದ್ಧತಿಯನ್ನು ನಾವು ಒಪ್ಪಲಾರೆವು.

ಮುಂಬಯಿ ಸರಕಾರವು 1947ರಲ್ಲಿಯೇ ಹಿಂದೂ ವಿವಾಹ ವಿಚ್ಛೇದನದ ಕಾಯದೆಯನ್ನು ಮಾಡಿತು. ಬೆಳಗಾವಿ ಜಿಲ್ಲೆಯು ಅದಕ್ಕೊಳಪಟ್ಟಿತ್ತು. ಆಗ ಪ್ರತ್ಯೇಕ ಸಂಸ್ಥಾನವಾಗಿದ್ದ ರಾಮದುರ್ಗವು ಮರುವರ್ಷ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಈಗ ನಡೆದಿರುವುದು 1955ರ ಹಿಂದೂ ವಿವಾಹ ಕಾಯದೆ. ಕುಲಾಚಾರದ ಬಿಡುಗಡೆಗೂ ಅದರಲ್ಲಿ ಎಡೆಯುಂಟು. ಆದರೆ ಆ ಆಚಾರವು ಬಹುಕಾಲದಿಂದ ಎಡೆಬಿಡದೆ ನಡೆದುಬಂದುದೆಂದು ಕೋರ್ಟಿನಲ್ಲಿ ಸಿದ್ಧಪಡಿಸಬೇಕು. ಸಿದ್ಧವಾಗದಿದ್ದರೆ ಸೋಡಚೀಟಿಯು ಬರಿಯ ಕಾಗದ. ಮೊದಲ ಮದುವೆಯು ಹಾಗೆಯೇ ಉಳಿಯುತ್ತದೆ. ಚೀಟಿಯನ್ನು ನಂಬಿ ಮರುಮದುವೆಯಾದವರ ವಿವಾಹವು ಅನೂರ್ಜಿತವಾಗಿ, ಅವರು ದಂಡನೆಗೂ ಗುರಿಯಾದಾರು.

"ಕೋರ್ಟಿಗೆ ಹೋಗಲು ಹಣವೆಲ್ಲಿಯದು?" ಎಂದು ಬಡವರು ಕೇಳುವುದು ಸಹಜ. ಅದಕ್ಕೆ ಉತ್ತರವುಂಟು. 1987ರಲ್ಲಿ ಆಗಿ 1995ರಲ್ಲಿ ಜಾರಿಗೆ ಬಂದ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯದೆಯ 12ನೆಯ ಕಲಮಿನ ಮೇರೆಗೆ, ಯಾವ ಮತದವಳೇ ಆಗಲಿ, ಸ್ತ್ರೀಗೆ ಕಾನೂನಿನ ನೆರವು ದೊರೆಯತಕ್ಕದ್ದು. ಅವಳ ಉತ್ಪನ್ನದ ಲೆಕ್ಕ ಬೇಡ. ಪರಿಶಿಷ್ಟ ಜಾತಿ, ಪಂಗಡಗಳ ಪುರುಷರಿಗೂ, ನಿಗದಿಯಾದ ಮಿತಿಯೊಳಗೆ ಉತ್ಪನ್ನವುಳ್ಳ ಇತರರಿಗೂ ಈ ಹಕ್ಕುಂಟು. ವ್ಯಾಜ್ಯದಲ್ಲಿ ಮೇಲ್ನೋಟಕ್ಕೆ ಹುರುಳಿದ್ದರೆ ಸಾಕು. ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬೇಕು. ಬರೆಯಲು ಬಾರದವರು ಬಾಯಿಂದ ಹೇಳಿ ಬರೆಯಿಸಬಹುದು. 15100 ಸಂಖ್ಯೆಗೆ ದೂರವಾಣಿ ಮಾಡಿಯೂ ವಿಚಾರಿಸಬಹುದು. ವಕೀಲರ ನೇಮಕವೂ ಅವರ ಫೀಯೂ ಸಮಿತಿಯ ಹೊಣೆ.

ಇನ್ನೆರಡು ಮಾತುಗಳು. ತವರಿನಲ್ಲಿರುವ ಹೆಂಡತಿಯು ಗಂಡನ ಊರಿನ ಕೋರ್ಟಿಗೆ ಅಲೆಯಬೇಕಿಲ್ಲ. 2003ರ ತಿದ್ದುಪಡಿಯಂತೆ ತಾನಿರುವ ಸ್ಥಳದ ಕೋರ್ಟಿನಲ್ಲಿಯೇ ಅರ್ಜಿ ಹಾಕಬಹುದು. ವಿವಾಹ ಕಾಯದೆಯ 24ನೆಯ ಕಲಮಿನಂತೆ, ಸ್ವಂತ ಉತ್ಪನ್ನ ಸಾಲದವಳು ದಾವೆ ನಡೆಯುತ್ತಿರುವಾಗಲೇ ಪೋಟಗಿಯನ್ನೂ ದಾವೆಯ ಖರ್ಚನ್ನೂ ಗಂಡನಿಂದ ಕೇಳಬಹುದು. ಸೋಡಚೀಟಿಯಲ್ಲಿ "ಇನ್ನೇನೂ ಕೇಳುವುದಿಲ್ಲ" ಎಂದು ಬರೆಯಿಸಿಕೊಳ್ಳುವುದು ಇಂಥ ಹಕ್ಕುಗಳನ್ನೇ ಎಂಬುದನ್ನು ವಾಚಕರು ಮರೆಯಬಾರದು.

ರಾಣಿ ಚೆನ್ನಮ್ಮನ ಹೆಸರಿನಲ್ಲಿ ಉತ್ಸವ ಮಾಡುವ ನಾಡಿನಲ್ಲಿ ಹೆಣ್ಣುಮಗಳು ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವಂತಾಗುವುದು ನಮಗೆ ಭೂಷಣವಲ್ಲ. ಹಿರಿಯರು ಕೂಡಿಸುವ ಕೆಲಸವನ್ನು ಅವಶ್ಯವಾಗಿ ಮಾಡಲಿ. ಅದು ಕೈಗೂಡದಿದ್ದಲ್ಲಿ ಅವಳನ್ನು ಛಾಪಾ ಕಾಗದದ ಅಂಗಡಿಗೆ ಕರೆದೊಯ್ಯದೆ ತಾಲೂಕು ಸಮಿತಿಯ ಬಾಗಿಲಿಗೆ ಕರೆದೊಯ್ಯಲೆಂದು ನಾವು ಅವರಲ್ಲಿ ವಿನಂತಿಸುತ್ತೇವೆ.