ಒಬ್ಬ ರೈತ, ಮೂರು ಕಡೆ ಡೇಟಾ: ಒಂದೇ ಆಬ್ಜೆಕ್ಟ್ ಸಾಕಾ?

ಬೇರೆ ಬೇರೆ ಕಡೆಯಿಂದ ಬರೋ ಮಾಹಿತಿಯನ್ನ ಒಂದು ಆ್ಯಪ್ ಒಳಗೆ ಹೇಗೆ ಕೂಡಿಸೋದು? ಇವತ್ತು ಅದನ್ನೇ ಮಾತಾಡೋಣ. ಉದಾಹರಣೆಗೆ ಜಮಖಂಡಿ ತಾಲ್ಲೂಕಿನ ತುಬಚಿಯ ಒಬ್ಬ ರೈತರನ್ನ ಊಹಿಸಿಕೊಳ್ಳಿ.

2019ರ ಆಗಸ್ಟ್‌ನಲ್ಲಿ ಕೃಷ್ಣಾ ನದಿ ಉಕ್ಕಿ ಈ ತಾಲ್ಲೂಕಿನ ಹೊಲಗಳಿಗೆ ನೀರು ನುಗ್ಗಿತ್ತು. ಇಂಥ ಹೊತ್ತಲ್ಲಿ ಬೆಳೆ ಪರಿಹಾರ ಸಿಗಬೇಕಂದ್ರೆ ಮೂರು ಪ್ರಶ್ನೆಗೆ ಉತ್ತರ ಬೇಕು. ಜಮೀನು ಯಾರದ್ದು? ಅದನ್ನ ‘ಭೂಮಿ’ ತಂತ್ರಾಂಶದ ಪಹಣಿ, ಅಂದ್ರೆ ನಮ್ಮ ಕಡೆಯ ಉತಾರ ಹೇಳುತ್ತೆ. ಬೆಳೆ ಏನಿತ್ತು? ಅದು ಬೆಳೆ ಸಮೀಕ್ಷೆಯಲ್ಲಿದೆ. ದುಡ್ಡು ಎಲ್ಲಿಗೆ? ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ. ರೈತರನ್ನ ಗುರುತಿಸೋಕೆ ಕರ್ನಾಟಕದಲ್ಲಿ ‘ಫ್ರೂಟ್ಸ್’ ಪೋರ್ಟಲ್ ಇದೆ. ಅಲ್ಲಿ ನೋಂದಾಯಿಸಿದವರಿಗೆ ಎಫ್‌ಐಡಿ ಅನ್ನೋ ಗುರುತಿನ ಸಂಖ್ಯೆ ಸಿಗುತ್ತೆ.

ಈಗ ಕೋಡ್ ಬರೆಯೋರು ನೀವೇ ಅಂದ್ಕೊಳ್ಳಿ. ‘ರೈತ’ ಅಂತ ಒಂದು ಕ್ಲಾಸ್; ಅದರೊಳಗೆ ಹೆಸರು, ಸರ್ವೆ ನಂಬರ್, ಬೆಳೆ, ಖಾತೆ. ಮುಗೀತಾ? ಇಲ್ಲ. ಒಬ್ಬರಿಗೆ ಮೂರು ಸರ್ವೆ ನಂಬರ್ ಇರಬಹುದು. ಒಂದೇ ಉತಾರದಲ್ಲಿ ಅಣ್ಣತಮ್ಮಂದಿರ ಹೆಸರು ಒಟ್ಟಿಗೆ ಇರಬಹುದು. ಉತಾರದಲ್ಲಿ ‘ಮಲ್ಲಪ್ಪ’, ಆಧಾರ್‌ನಲ್ಲಿ ‘ಮಲ್ಲಿಕಾರ್ಜುನ’ ಆಗಿರಬಹುದು. ಹೆಸರು ನೋಡಿ ಜೋಡಿಸಿದ್ರೆ ಒಬ್ಬರ ಪರಿಹಾರ ಇನ್ನೊಬ್ಬರ ಖಾತೆ ಸೇರೀತು.

ಹಾಗಾದ್ರೆ ಏನು ಮಾಡೋದು?

ಮೊದಲನೇದು, ರೈತ, ಜಮೀನು, ಬೆಳೆ, ಖಾತೆ ಬೇರೆ ಬೇರೆ ಆಬ್ಜೆಕ್ಟ್ ಆಗಿರಲಿ. ರೈತ ಮತ್ತು ಜಮೀನಿನ ನಡುವೆ ‘ಹಕ್ಕು’ ಅನ್ನೋ ಇನ್ನೊಂದು ಆಬ್ಜೆಕ್ಟ್ ಇಡಿ: ಯಾರಿಗೆ, ಯಾವ ಹೊಲದಲ್ಲಿ, ಎಷ್ಟು ಎಕರೆ, ಎಷ್ಟು ಗುಂಟೆ. ಬೆಳೆಯನ್ನ ರೈತರಿಗಲ್ಲ, ಹೊಲಕ್ಕೆ ಕಟ್ಟಿ; ಜೊತೆಗೆ ವರ್ಷ, ಹಂಗಾಮು ಬರೆಯಿರಿ. ಪರಿಹಾರಕ್ಕೆ ಬೇಕಿರೋದು ಹೊಳೆ ಬಂದಾಗ ಇದ್ದ ಬೆಳೆ, ಇವತ್ತಿಂದಲ್ಲ.

ಎರಡನೇದು, ಜೋಡಣೆ ಗುರುತಿನ ಸಂಖ್ಯೆಯಿಂದಲೇ ಆಗಲಿ. ರೈತರಿಗೆ ಎಫ್‌ಐಡಿ, ಹೊಲಕ್ಕೆ ಊರು, ಸರ್ವೆ ನಂಬರ್, ಹಿಸ್ಸಾ. ಹೊಂದದಿದ್ರೆ ಅಂದಾಜಲ್ಲಿ ತುಂಬಬೇಡಿ, ‘ಪರಿಶೀಲನೆ ಬಾಕಿ’ ಅಂತ ಇಡಿ.

ಮೂರನೇದು, ಪ್ರತಿ ಮಾಹಿತಿಯ ಜೊತೆ ಅದು ಎಲ್ಲಿಂದ, ಯಾವತ್ತು ಬಂತು ಅನ್ನೋದೂ ಇರಲಿ. ಎರಡು ಮೂಲ ಬೇರೆ ಬೇರೆ ಹೇಳಿದ್ರೆ ಒಂದನ್ನ ಅಳಿಸಿ ಇನ್ನೊಂದು ಬರೆಯಬೇಡಿ. ಎರಡನ್ನೂ ಇಟ್ಕೊಳ್ಳಿ.

ಇಷ್ಟು ಮಾಡಿದ್ರೆ ಲಾಭ ಯಾರಿಗೆ? ‘ಅರ್ಜಿ ತಿರಸ್ಕೃತ’ ಅಂತ ಮಾತ್ರ ತೋರಿಸೋ ಆ್ಯಪ್ ರೈತರನ್ನ ಕಚೇರಿಯಿಂದ ಕಚೇರಿಗೆ ಅಲೆಸುತ್ತೆ. ಮೂಲ ಗೊತ್ತಿರೋ ಆ್ಯಪ್, ‘ಉತಾರ ಸರಿ ಇದೆ, ಬೆಳೆ ಸರಿ ಇದೆ, ಖಾತೆಗೆ ಆಧಾರ್ ಜೋಡಣೆ ಆಗಿಲ್ಲ’ ಅನ್ನುತ್ತೆ. ಆಗ ಅವರು ನೇರ ಬ್ಯಾಂಕಿಗೆ ಹೋಗ್ತಾರೆ. ಒಂದೇ ಓಡಾಟದಲ್ಲಿ ಕೆಲಸ ಮುಗಿಯುತ್ತೆ.