ಕರುಳಿನ ದಂಡಾಣುಗಳು: ರಚನೆ, ಉಗ್ರತೆ ಮತ್ತು ಪತ್ತೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ನಮ್ಮ ಸೀಮೆಯ ಬಾಳ್ವೆಯು ಕೃಷ್ಣಾ-ಘಟಪ್ರಭಾ ನದಿಗಳನ್ನು ನಂಬಿದೆ. ಕಬ್ಬಿನ ಗದ್ದೆಗೂ ಮನೆಯ ಕೊಡಕ್ಕೂ ಅವುಗಳದೇ ನೀರು. 2019ರ ಆಗಸ್ಟ್ ತಿಂಗಳಲ್ಲಿ ಆ ನೀರೇ ಊರುಗಳೊಳಗೆ ನುಗ್ಗಿತು. ಇಂಥ ಮಹಾಪೂರವು ಚರಂಡಿಗೂ ಬಾವಿಗೂ ಇರುವ ಅಂತರವನ್ನು ಅಳಿಸಿಬಿಡುತ್ತದೆ. ಮಲದಿಂದ ನೀರಿಗೆ, ನೀರಿನಿಂದ ಬಾಯಿಗೆ ಸಾಗುವ ಕೆಲವು ದಂಡಾಣುಗಳಿಗೆ ಬೇಕಾದುದೂ ಇಷ್ಟೇ.

ಕರುಳಿನಲ್ಲಿರುವ ದಂಡಾಣುಗಳೆಲ್ಲವೂ ಶತ್ರುಗಳೆಂದು ತಿಳಿಯಬಾರದು. 1885ರಲ್ಲಿ ಎಷೆರಿಶ್ ಎಂಬ ಮಕ್ಕಳ ವೈದ್ಯನು ಹಸುಗೂಸುಗಳ ಮಲದಲ್ಲಿ ಕಂಡ, ಇಂದು ಅವನ ಹೆಸರನ್ನೇ ಹೊತ್ತಿರುವ ಎಷೆರಿಷಿಯ ಕೋಲೈ ನಮ್ಮೆಲ್ಲರ ಒಡಲಿನಲ್ಲಿಯೂ ಉಂಟು. ಅದರ ಕೆಲವು ತಳಿಗಳು ಮಾತ್ರ ಉಪದ್ರವಕಾರಿ. ಆದರೆ ವಿಷಮಶೀತ ಜ್ವರವನ್ನು, ಅಂದರೆ ಟೈಫಾಯ್ಡನ್ನು, ತರುವ ಸಾಲ್ಮೊನೆಲ್ಲ ಟೈಫಿಯೂ ರಕ್ತಭೇದಿಯನ್ನು ತರುವ ಷಿಗೆಲ್ಲವೂ ಅದೇ ಕುಟುಂಬದವು. ಸೂಕ್ಷ್ಮದರ್ಶಕದಲ್ಲಿ ಮೂರನ್ನೂ ಬೇರೆಬೇರೆಯಾಗಿ ಗುರುತಿಸಲು ಸಾಧ್ಯವಿಲ್ಲ. ತೊಡಕಿರುವುದು ಇಲ್ಲಿಯೇ.

1884ರಲ್ಲಿ ಡೆನ್ಮಾರ್ಕಿನ ಗ್ರಾಮ್ ಎಂಬ ವೈದ್ಯನು ಒಂದು ವರ್ಣಲೇಪನ ಕ್ರಮವನ್ನು ಪ್ರಕಟಿಸಿದನು. ಗಾಜಿನ ಮೇಲೆ ಒಣಗಿಸಿದ ಜೀವಾಣುಗಳಿಗೆ ನೇರಳೆ ಬಣ್ಣವನ್ನೂ ಅಯೋಡಿನನ್ನೂ ಹಾಕಿ ಮದ್ಯಸಾರದಿಂದ ತೊಳೆದರೆ ಕೆಲವು ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತವೆ, ಕೆಲವು ಬಿಟ್ಟುಕೊಡುತ್ತವೆ. ಬಿಟ್ಟುಕೊಟ್ಟವು ಕೊನೆಯಲ್ಲಿ ಹಚ್ಚುವ ಕೆಂಪು ಬಣ್ಣವನ್ನು ತಳೆಯುತ್ತವೆ. ಇವೇ ಗ್ರಾಮ್-ಋಣಾತ್ಮಕ ಜೀವಾಣುಗಳು. ಶಾಲೆಯ ಪ್ರಯೋಗಾಲಯದಲ್ಲಿ ಒಂದು ತೊಟ್ಟು ಮೊಸರಿನಿಂದ ಈ ಪ್ರಯೋಗವನ್ನು ಮಾಡಬಹುದು. ಮೊಸರಿನ ಜೀವಾಣುಗಳು ನೇರಳೆಯಾಗಿಯೇ ಉಳಿಯುವವು. ರೋಗಾಣುಗಳನ್ನು ಮಾತ್ರ ಶಾಲೆಯಲ್ಲಿ ಬೆಳೆಸಲಾಗದು.

ಈ ಭೇದಕ್ಕೆ ಕಾರಣ ಕೋಶಭಿತ್ತಿ. ಕರುಳಿನ ದಂಡಾಣುವಿನ ಭಿತ್ತಿಯು ತೆಳುವಾದುದು; ಆದರೆ ಅದರ ಹೊರಗೆ ಇನ್ನೊಂದು ಪೊರೆಯುಂಟು. ಪಿತ್ತರಸದಿಂದ ದಂಡಾಣುವನ್ನು ಕಾಪಾಡುವುದೂ, ಹಳೆಯ ಪೆನಿಸಿಲಿನ್ನನ್ನು ಬಾಗಿಲಲ್ಲಿಯೇ ತಡೆಯುವುದೂ ಈ ಹೊರಪೊರೆಯೇ. ಅದರಲ್ಲಿ ನೆಟ್ಟಿರುವ ಕೊಬ್ಬು-ಸಕ್ಕರೆಗಳ ಸಂಯುಕ್ತದ ಕೊಬ್ಬಿನ ತುದಿಯು ರಕ್ತಕ್ಕೆ ಸೇರಿದಾಗ ಜ್ವರವನ್ನೆಬ್ಬಿಸುತ್ತದೆ. ಹೊರಚಾಚಿದ ಸಕ್ಕರೆಯ ಸರಪಳಿಯು ಜಾತಿಯಿಂದ ಜಾತಿಗೆ ಬದಲಾಗುತ್ತದೆ. ಅದು ದಂಡಾಣುವಿನ ಮುದ್ರೆಯುಂಗುರವಿದ್ದಂತೆ. ಟೈಫಾಯ್ಡಿನ ದಂಡಾಣುವು ಇದರ ಮೇಲೊಂದು ಕವಚವನ್ನು ಹೊದ್ದು ಆ ಮುದ್ರೆಯನ್ನು ಮರೆಮಾಚುತ್ತದೆ. ಸೂಜಿಯಂಥ ಸಾಧನದಿಂದ ಕರುಳಿನ ಕೋಶಗಳಿಗೆ ತನ್ನ ಪ್ರೋಟೀನುಗಳನ್ನು ಚುಚ್ಚಿ ಒಳನುಗ್ಗುತ್ತದೆ. ತನ್ನನ್ನು ನುಂಗಬಂದ ಬಿಳಿಯ ರಕ್ತಕಣದೊಳಗೇ ಮನೆಮಾಡುತ್ತದೆ. ಕಾಲರಾ ರೋಗಾಣುವಿನ ರೀತಿಯೇ ಬೇರೆ. ಅದು ರಕ್ತಕ್ಕೆ ಇಳಿಯದೆ ಕರುಳಿನಲ್ಲಿಯೇ ನಿಂತು ವಿಷವನ್ನು ಸ್ರವಿಸುತ್ತದೆ, ಆ ವಿಷವು ದೇಹದ ನೀರನ್ನೆಲ್ಲ ಹೊರದೂಡುತ್ತದೆ. ಇದನ್ನು 1959ರಲ್ಲಿ ಕಲ್ಕತ್ತೆಯಲ್ಲಿ ಮೊಲದ ಕರುಳಿನ ಮೇಲೆ ಪ್ರಯೋಗಿಸಿ ತೋರಿಸಿದವರು ನಮ್ಮ ದೇಶದವರೇ ಆದ ಶಂಭುನಾಥ ಡೇ ಅವರು. ಅವರ ಹೆಸರು ನಮ್ಮ ಶಾಲಾ ಪುಸ್ತಕಗಳಲ್ಲಿ ಅಪರೂಪವೆಂಬುದು ಖೇದದ ಸಂಗತಿ.

ಇನ್ನು ಪತ್ತೆಯ ಮಾತು. ಜ್ವರದ ಮೊದಲ ವಾರದಲ್ಲಿ, ಔಷಧ ಕೊಡುವ ಮುನ್ನವೇ, ರಕ್ತವನ್ನು ತೆಗೆದು ಪೋಷಕ ದ್ರವದಲ್ಲಿ ಬೆಳೆಸಬೇಕು. ಬೆಳೆದುದನ್ನು ಮ್ಯಾಕ್‌ಕಾಂಕಿಯ ಅಗಾರ್ ತಟ್ಟೆಗೆ ಗೀರಬೇಕು. ಆ ತಟ್ಟೆಯಲ್ಲಿರುವ ಪಿತ್ತಲವಣವನ್ನು ಕರುಳಿನ ದಂಡಾಣುಗಳು ಲೆಕ್ಕಿಸುವುದಿಲ್ಲ. ಹಾಲಿನ ಸಕ್ಕರೆಯನ್ನು ಹುಳಿಯಾಗಿಸುವ ಕೋಲೈ ಗುಲಾಬಿ ಬಣ್ಣದ ಚುಕ್ಕೆಗಳಾಗಿಯೂ ಅದನ್ನು ಮುಟ್ಟದ ಟೈಫಿ ಬಣ್ಣವಿಲ್ಲದ ಚುಕ್ಕೆಗಳಾಗಿಯೂ ಬೆಳೆಯುತ್ತವೆ. ಬಣ್ಣವಿಲ್ಲದವು ಬೇರೆಯೂ ಇರುವುದರಿಂದ ಮತ್ತೆ ಪರೀಕ್ಷೆ: ಟೈಫಿಯು ಗ್ಲೂಕೋಸನ್ನು ಹುಳಿಯಾಗಿಸಿದರೂ ಅನಿಲವನ್ನು ಬಿಡುವುದಿಲ್ಲ, ಯೂರಿಯವನ್ನು ಒಡೆಯುವುದಿಲ್ಲ, ಕಶಾಂಗಗಳಿಂದ ಈಜುತ್ತದೆ. ಕಡೆಗೆ ಗೊತ್ತಾದ ಪ್ರತಿಕಾಯಗಳನ್ನು ಹಾಕಿದಾಗ ಗರಣೆಗಟ್ಟಿದರೆ ನಿಶ್ಚಯವಾಯಿತು. ಇದಕ್ಕೆಲ್ಲ ಮೂರು-ನಾಲ್ಕು ದಿನಗಳು ಬೇಕು. ಎಲ್ಲ ರೋಗಿಗಳ ರಕ್ತದಲ್ಲಿಯೂ ಅದು ಬೆಳೆದು ಬರುವುದಿಲ್ಲವೆಂಬುದೂ ನಿಜ.

ಅಷ್ಟು ದಿನ ಕಾಯಲೊಲ್ಲದೆ ಜನರು ವಿಡಾಲ್ ಪರೀಕ್ಷೆಯ ಚೀಟಿಯನ್ನು ಕೇಳುತ್ತಾರೆ. 1896ರಷ್ಟು ಹಳೆಯದಾದ ಈ ಪರೀಕ್ಷೆಯು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹವು ಹುಟ್ಟಿಸಿದ ಪ್ರತಿಕಾಯವನ್ನು ಮಾತ್ರ ಕಾಣುತ್ತದೆ. ಹಿಂದೆಂದೋ ಬಂದುಹೋದ ಜ್ವರ, ಹಾಕಿಸಿಕೊಂಡ ಲಸಿಕೆ, ಮಲೇರಿಯಾದಂಥ ಬೇರೆ ಬೇನೆಯೂ ಅದನ್ನು ವಂಚಿಸಬಲ್ಲವು. ವಾರವೊಂದರ ಅಂತರದಲ್ಲಿ ಎರಡು ಸಲ ನೋಡಿ ಪ್ರಮಾಣವು ನಾಲ್ಕು ಪಟ್ಟು ಏರಿದರೆ ಅದಕ್ಕೆ ಬೆಲೆಯುಂಟು. ಒಂದೇ ಚೀಟಿಯನ್ನು ನಂಬಿ ಟೈಫಾಯ್ಡ್ ಎಂದು ವಾರಗಟ್ಟಲೆ ಗುಳಿಗೆ ನುಂಗುವುದು ನಮ್ಮ ಕಡೆಗೂ ಹೊಸದಲ್ಲ.

ತಟ್ಟೆಯಲ್ಲಿ ಬೆಳೆಸುವುದರಿಂದ ಇನ್ನೊಂದು ಲಾಭವಿದೆ. ಔಷಧವನ್ನು ಹೀರಿದ ಕಾಗದದ ಬಿಲ್ಲೆಗಳನ್ನು ದಂಡಾಣುಗಳ ನಡುವೆ ಇಟ್ಟರೆ, ಔಷಧವು ನಾಟಿದ ಕಡೆ ತಿಳಿಯಾದ ವರ್ತುಲವು ಮೂಡುತ್ತದೆ. 1972ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ಕ್ಲೋರಾಂಫೆನಿಕಾಲ್ ಔಷಧಕ್ಕೆ ಮಣಿಯದ ಟೈಫಾಯ್ಡ್ ಹರಡಿತು. ಎರಡು ದಶಕಗಳ ಕಾಲ ರಾಮಬಾಣವೆನಿಸಿದ್ದ ಮದ್ದು ಅದು. ಮುಂದೆ ಅದನ್ನು ಬಿಟ್ಟು ಸಿಪ್ರೊಫ್ಲಾಕ್ಸಾಸಿನ್ ಹಿಡಿದೆವು. ಈಗ ಭಾರತದ ಪ್ರಯೋಗಾಲಯಗಳ ತಟ್ಟೆಗಳಲ್ಲಿ ಹೆಚ್ಚಾಗಿ ಕ್ಲೋರಾಂಫೆನಿಕಾಲ್ ಬಿಲ್ಲೆಯ ಸುತ್ತ ವರ್ತುಲವು ಮರಳಿ ಕಾಣುತ್ತಿದೆ. ಕುಗ್ಗಿಹೋದದ್ದು ಸಿಪ್ರೊಫ್ಲಾಕ್ಸಾಸಿನ್ ಬಿಲ್ಲೆಯ ವರ್ತುಲ.